ಹೊಸ ಅಫೆನ್ಸ್ ಮೈಗೂಡಲು ಒಂದು ಋತು ಏಕೆ ಬೇಕು?

ಪ್ರಶ್ನೆ: ಕ್ರಿಕೆಟ್ ನೋಡಿ ಬೆಳೆದವನು ನಾನು. ಡಲ್ಲಾಸ್ ಬಳಿ ನೆಲೆಸಿದ ಮೇಲೆ ಭಾನುವಾರಗಳಲ್ಲಿ ಮನೆಮಂದಿಯೆಲ್ಲ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವುದು ರೂಢಿಯಾಗಿದೆ. ಪ್ರತಿ ವರ್ಷ ಯಾವುದಾದರೂ ತಂಡ ಸೋಲತೊಡಗಿದರೆ, ‘ಕೋಚ್ ಹೊಸಬರು, ಅಫೆನ್ಸ್ (ಚೆಂಡು ಹಿಡಿದು ಮುನ್ನುಗ್ಗುವ ಪಾಳಿಯ ಆಟದ ಪದ್ಧತಿ) ಹೊಸದು, ಕಲಿಯಲು ಸಮಯ ಬೇಕು’ ಎಂದು ವೀಕ್ಷಕ ವಿವರಣೆಯಲ್ಲಿ ಹೇಳುತ್ತಾರೆ. ಶಾಲೆಯ ದಿನಗಳಿಂದ ಇದೇ ಆಟವನ್ನು ಆಡಿದ, ಕೋಟಿಗಟ್ಟಲೆ ಸಂಬಳ ಪಡೆಯುವ ವೃತ್ತಿಪರರಿಗೆ ಇನ್ನು ಕಲಿಯಲು ಏನಿರುತ್ತದೆ? ಇದು ನಿಜವಾದ ಕಾರಣವೋ, ಸೋಲಿಗೊಂದು ನೆಪವೋ?

ಉತ್ತರ: ಎರಡೂ ಹೌದು. ಪ್ಲೇಗಳನ್ನು, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳನ್ನು, ಬಾಯಿಪಾಠ ಮಾಡಲು ವೃತ್ತಿಪರ ಆಟಗಾರನಿಗೆ ಕೆಲವು ವಾರಗಳು ಸಾಕು. ನವೆಂಬರ್ ತಿಂಗಳಲ್ಲೂ ‘ಹುಡುಗರಿಗೆ ಪ್ಲೇಗಳು ಇನ್ನೂ ಗೊತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ನೆಪವೆಂದೇ ತಿಳಿಯಿರಿ. ಸಮಯ ಬೇಡುವುದು ಬೇರೆ ಎರಡು ಕೆಲಸಗಳು. ಹನ್ನೊಂದು ಜನ ಎದುರಿನ ರಕ್ಷಣೆಯನ್ನು ನೋಡಿ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಕ್ಷಣದಲ್ಲಿ ಒಂದೇ ತೀರ್ಮಾನಕ್ಕೆ ಬರುವಂತಾಗುವುದು ಮೊದಲನೆಯದು. ಕೋಚ್ ತಾನು ತಂದ ಪದ್ಧತಿಯಲ್ಲಿ ಈ ಆಟಗಾರರಿಗೆ ಹೊಂದುವುದು ಯಾವುದು, ಹೊಂದದಿರುವುದು ಯಾವುದು ಎಂದು ಕಂಡುಕೊಂಡು ಅದನ್ನು ತಿದ್ದುವುದು ಎರಡನೆಯದು. ತಂಡ ಕಲಿಯುತ್ತದೆ ಎನ್ನುವಾಗ ನಾವು ಆಟಗಾರರನ್ನಷ್ಟೇ ನೆನೆಯುತ್ತೇವೆ; ನನ್ನ ಅನುಭವದಲ್ಲಿ ಕೋಚ್ ಕಲಿಯುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಬೌಲರ್ ಕೈಯಿಂದ ಚೆಂಡು ಬಿಟ್ಟ ಮೇಲೆ ಯಾವ ಹೊಡೆತ ಆಡಬೇಕೆಂಬುದನ್ನು ಬ್ಯಾಟ್ಸ್‌ಮನ್ ಒಬ್ಬನೇ ನಿರ್ಧರಿಸುತ್ತಾನೆ. ಇಲ್ಲಿ ಪಂದ್ಯವೊಂದರಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಹನ್ನೊಂದು ಜನರೂ ಒಟ್ಟಿಗೆ, ಪೂರ್ವನಿಗದಿತ ಕೆಲಸಗಳೊಂದಿಗೆ ಚಲಿಸುತ್ತಾರೆ. ಒಂದು ಪ್ಲೇ ಮುಗಿದ ಕೂಡಲೇ ನಲವತ್ತು ಸೆಕೆಂಡುಗಳ ಗಡಿಯಾರ ಓಡತೊಡಗುತ್ತದೆ. ಆ ನಲವತ್ತು ಸೆಕೆಂಡುಗಳಲ್ಲಿ ಅಫೆನ್ಸ್ ಕೋ-ಆರ್ಡಿನೇಟರ್, ಅಂದರೆ ಅಫೆನ್ಸ್ ನಡೆಸುವ ಸಹಾಯಕ ಕೋಚ್, ಮುಂದಿನ ಪ್ಲೇ ಆರಿಸಿ, ಚೆಂಡು ಪಡೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನಲ್ಲಿರುವ ರೇಡಿಯೊ ಮೂಲಕ ತಿಳಿಸಬೇಕು (ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಈ ರೇಡಿಯೊ 1994ರಿಂದ ಬಳಕೆಯಲ್ಲಿದೆ, ಗಡಿಯಾರದಲ್ಲಿ ಹದಿನೈದು ಸೆಕೆಂಡು ಉಳಿದಾಗ ಅದು ತಾನಾಗಿ ಕಡಿದುಹೋಗುತ್ತದೆ), ಕ್ವಾರ್ಟರ್‌ಬ್ಯಾಕ್ ಅದನ್ನು ಗುಂಪು ಸೇರಿದ ಹತ್ತು ಜನರಿಗೆ ಹೇಳಬೇಕು, ಅವರು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲಬೇಕು, ಎದುರಿನ ರಕ್ಷಣೆ ಹೇಗೆ ನಿಂತಿದೆಯೆಂದು ಓದಬೇಕು, ಬೇಕಾದರೆ ಪ್ಲೇಯನ್ನೇ ಬದಲಿಸಬೇಕು.

ಕ್ವಾರ್ಟರ್‌ಬ್ಯಾಕ್ ಹೇಳುವ ಆ ಒಂದು ಸಾಲಿನಲ್ಲಿ ನಿಲ್ಲುವ ವಿನ್ಯಾಸ, ಯಾರು ಮೊದಲೇ ಜಾಗ ಬದಲಿಸಬೇಕು, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐವರು ಲೈನ್‌ಮನ್‌ಗಳು ಯಾವ ಕಡೆಗೆ ಕಾವಲು ಕೊಡಬೇಕು, ಎಸೆದ ಚೆಂಡನ್ನು (ಪಾಸ್) ಹಿಡಿಯುವ ರಿಸೀವರ್‌ಗಳು ಯಾವ ಹಾದಿಯಲ್ಲಿ ಓಡಬೇಕು, ಯಾವ ಎಣಿಕೆಗೆ ಚೆಂಡು ಹಿಂದಕ್ಕೆ ಬರುತ್ತದೆ ಎಂಬುದೆಲ್ಲ ಅಡಕವಾಗಿರುತ್ತದೆ. ಈ ಸಾಲನ್ನು ಕಟ್ಟುವ ಕ್ರಮ ಪದ್ಧತಿಯಿಂದ ಪದ್ಧತಿಗೆ ಬೇರೆ. ಕೋಚ್ ಡಾನ್ ಕೊರಿಯೆಲ್ ಅವರ ಪರಂಪರೆಯಲ್ಲಿ ಓಟದ ಹಾದಿಗಳಿಗೆ ಅಂಕಿಗಳಿವೆ: ಎಂಟು ಎಂದರೆ ಗೋಲ್‌ಪೋಸ್ಟ್ ಕಡೆಗೆ ಒಳಮುಖವಾಗಿ ಓರೆ ಓಟ, ಒಂಬತ್ತು ಎಂದರೆ ನೇರ ಓಟ, ಆರು ಎಂದರೆ ಸ್ವಲ್ಪ ದೂರ ಹೋಗಿ ಮೈದಾನದ ನಡುವಿಗೆ ತಿರುಗುವುದು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಬಹುಕಾಲ ಬಳಸಿದ ಎರ್ಹಾರ್ಟ್–ಪರ್ಕಿನ್ಸ್ ಪದ್ಧತಿಯಲ್ಲಾದರೆ ಒಂದು ಬದಿಯ ರಿಸೀವರ್‌ಗಳ ಓಟಗಳಿಗೆಲ್ಲ ಸೇರಿ ಒಂದೇ ಹೆಸರು. ಹತ್ತು ವರ್ಷ ಒಂದು ಕ್ರಮದಲ್ಲಿ ಕೇಳಿದವನು ಇನ್ನೊಂದಕ್ಕೆ ಬಂದಾಗ ಓಡುವ ಓಟ ಹಳೆಯದೇ ಆಗಿದ್ದರೂ, ಕಿವಿಗೆ ಬಿದ್ದದ್ದನ್ನು ಒಳಗೊಳಗೇ ಹಳೆಯದಕ್ಕೆ ಹೊಂದಿಸಿಕೊಳ್ಳಲು ಅರೆಕ್ಷಣ ಹೋಗುತ್ತದೆ. ಇದು ಜೂನ್ ತಿಂಗಳ ತೊಂದರೆ. ಸೆಪ್ಟೆಂಬರ್ ಹೊತ್ತಿಗೆ ಹೆಚ್ಚಿನವರು ಇದನ್ನು ದಾಟಿರುತ್ತಾರೆ.

ಕಲಿಕೆಗೆ ಸಿಗುವ ಕಾಲವೂ ನಾವು ಎಣಿಸುವಷ್ಟಿಲ್ಲ. ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಸಂಘದೊಂದಿಗಿನ ಒಪ್ಪಂದದಂತೆ ವಸಂತಕಾಲದ ತರಬೇತಿ ಒಂಬತ್ತು ವಾರಗಳದು. ಅದರಲ್ಲಿ ಮೊದಲ ಎರಡು ವಾರ ತರಗತಿ ಮತ್ತು ದೇಹದಾರ್ಢ್ಯಕ್ಕೆ ಮೀಸಲು. ಮುಂದಿನ ಮೂರು ವಾರ ಮೈದಾನಕ್ಕೆ ಇಳಿಯಬಹುದು, ಆದರೆ ಅಫೆನ್ಸ್ ಮತ್ತು ಡಿಫೆನ್ಸ್ ಎದುರುಬದುರಾಗಿ ಸೆಣಸುವಂತಿಲ್ಲ. ಕೊನೆಯ ನಾಲ್ಕು ವಾರಗಳಲ್ಲಿ ಎದುರುಬದುರು ನಿಂತರೂ ಮೈಗೆ ಮೈ ತಾಗಿಸಿ ಬಲಪ್ರಯೋಗ ಮಾಡುವಂತಿಲ್ಲ. ಮುಖ್ಯ ಕೋಚ್ ಹೊಸಬರಾಗಿದ್ದರೆ ಸ್ವಲ್ಪ ಮುಂಚೆ ಆರಂಭಿಸುವ ಮತ್ತು ಒಂದು ಹೆಚ್ಚುವರಿ ಶಿಬಿರ ನಡೆಸುವ ಅವಕಾಶವಿದೆ, ಅಷ್ಟೇ. ಭುಜಕ್ಕೆ ಪ್ಯಾಡ್ ಕಟ್ಟಿ ನಿಜವಾದ ಬಲದಿಂದ ಅಭ್ಯಾಸ ಮಾಡುವುದು ಜುಲೈ ಕೊನೆಯಲ್ಲಿ ಶುರುವಾಗುವ ತರಬೇತಿ ಶಿಬಿರದಲ್ಲಿ ಮಾತ್ರ.

ಈ ಕಾಲಾವಧಿಯೊಳಗೆ ಕೋಚ್‌ಗಳು ಇಡೀ ಪದ್ಧತಿಯನ್ನು ದಿನಕ್ಕಿಷ್ಟು ಎಂದು ಕಂತುಗಳಾಗಿ ಒಡೆಯುತ್ತಾರೆ. ಇದಕ್ಕೆ ಅವರಲ್ಲಿ ‘ಇನ್‌ಸ್ಟಾಲ್’ ಎನ್ನುತ್ತಾರೆ. ಮೊದಲ ಕಂತಿನಲ್ಲಿ ಮೂಲ ವಿನ್ಯಾಸಗಳು, ಒಂದೆರಡು ಓಟದ ಪ್ಲೇಗಳು, ಕೆಲವು ಚಿಕ್ಕ ಪಾಸುಗಳು. ನಂತರ ಓಟದಂತೆ ನಟಿಸಿ ಪಾಸ್ ಮಾಡುವ ಪ್ಲೇ-ಆಕ್ಷನ್. ಆಮೇಲೆ ಮೂರನೆಯ ಡೌನ್ (ಹತ್ತು ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಗೋಲಿನ ಹತ್ತಿರದ ಇಪ್ಪತ್ತು ಯಾರ್ಡ್, ಕೊನೆಯ ಎರಡು ನಿಮಿಷಗಳ ಅವಸರದ ಆಟ. ಬೆಳಿಗ್ಗೆ ತರಗತಿಯಲ್ಲಿ ತೋರಿಸಿದ್ದನ್ನು ಮೈದಾನದಲ್ಲಿ ನಡೆದು ನೋಡುತ್ತಾರೆ, ಬಳಿಕ ಸ್ಥಾನವಾರು ಚಿಕ್ಕ ಗುಂಪುಗಳಲ್ಲಿ, ಆಮೇಲೆ ಲೈನ್‌ಮನ್‌ಗಳಿಲ್ಲದೆ ಏಳು ಜನರಿಗೆ ಏಳು ಜನರಂತೆ, ಕೊನೆಗೆ ಹನ್ನೊಂದಕ್ಕೆ ಹನ್ನೊಂದು. ಎಲ್ಲವೂ ಚಿತ್ರೀಕರಣವಾಗುತ್ತದೆ, ಸಂಜೆ ಅದೇ ವಿಡಿಯೊ ಹಾಕಿ ಒಬ್ಬೊಬ್ಬರ ಹೆಜ್ಜೆಯನ್ನೂ ನೋಡುತ್ತಾರೆ. ಎಲ್ಲ ಕಂತುಗಳೂ ಮುಗಿದ ಮೇಲೆ ಮತ್ತೆ ಮೊದಲ ಕಂತಿನಿಂದ ಆರಂಭ. ಬೇಸಿಗೆಯ ರಜೆಯ ನಂತರ ಶಿಬಿರದಲ್ಲಿ ಮತ್ತೊಮ್ಮೆ ಅದೇ.

ಬಲಪ್ರಯೋಗವಿಲ್ಲದ ವಸಂತದ ಅಭ್ಯಾಸದಿಂದ ಒಂದು ವಿಚಿತ್ರ ಪರಿಣಾಮವಿದೆ: ಪಾಸಿನ ಆಟ ಮುಂದೆ ಹೋಗುತ್ತದೆ, ಲೈನ್ ಹಿಂದೆ ಉಳಿಯುತ್ತದೆ. ಉದಾಹರಣೆಗೆ ‘ಔಟ್‌ಸೈಡ್ ಝೋನ್’ ಎಂಬ ಓಟದ ಪ್ಲೇಯನ್ನು ತೆಗೆದುಕೊಳ್ಳಿ. ಡೆನ್ವರ್ ತಂಡದಲ್ಲಿ ಮುಖ್ಯ ಕೋಚ್ ಮೈಕ್ ಶ್ಯಾನಹನ್ ಮತ್ತು ಲೈನ್ ಕೋಚ್ ಅಲೆಕ್ಸ್ ಗಿಬ್ಸ್ ಇದನ್ನು ತೊಂಬತ್ತರ ದಶಕದಲ್ಲಿ ಹದಕ್ಕೆ ತಂದರು. ಕಾಗದದ ಮೇಲೆ ಇದಕ್ಕಿಂತ ಸುಲಭದ ಪ್ಲೇ ಇಲ್ಲ. ಐವರೂ ಒಂದೇ ಕಡೆಗೆ ಹೆಜ್ಜೆ ಹಾಕುತ್ತಾರೆ. ಕಷ್ಟ ಇರುವುದು ಎರಡನೆಯ ಹೆಜ್ಜೆಯಲ್ಲಿ. ಅಕ್ಕಪಕ್ಕದ ಇಬ್ಬರು ಲೈನ್‌ಮನ್‌ಗಳು ಸೇರಿ ಎದುರಿನ ಒಬ್ಬ ದೈತ್ಯನನ್ನು ತಳ್ಳುತ್ತಿರುವಾಗ, ಅವರಲ್ಲೊಬ್ಬ ಅವನನ್ನು ಬಿಟ್ಟು ಹಿಂದೆ ನಿಂತ ಲೈನ್‌ಬ್ಯಾಕರ್ ಎಂಬ ರಕ್ಷಕನ ಕಡೆಗೆ ಹೋಗಬೇಕು. ಯಾರು ಹೋಗಬೇಕು ಎಂಬುದು ಆ ಲೈನ್‌ಬ್ಯಾಕರ್ ಯಾವ ಕಡೆಗೆ ಹೊರಳುತ್ತಾನೆ ಎಂಬುದರ ಮೇಲೆ ನಿಂತಿದೆ. ಅರ್ಧ ಸೆಕೆಂಡು ಬೇಗ ಬಿಟ್ಟರೆ ದೈತ್ಯ ಇಬ್ಬರ ನಡುವೆ ನುಗ್ಗಿಬರುತ್ತಾನೆ. ಅರ್ಧ ಸೆಕೆಂಡು ತಡವಾದರೆ ಲೈನ್‌ಬ್ಯಾಕರ್ ಓಟಗಾರನನ್ನು ಕೆಡವುತ್ತಾನೆ. ಮಾತಾಡಲು ಅಲ್ಲಿ ಸಮಯವಿಲ್ಲ. ಪಕ್ಕದವನ ಸೊಂಟದ ಒತ್ತಡದಿಂದಲೇ ಅವನು ಹೊರಟನೋ ಇಲ್ಲವೋ ತಿಳಿಯಬೇಕು. ಟೀ-ಶರ್ಟ್ ಮತ್ತು ಚಡ್ಡಿ ಹಾಕಿಕೊಂಡು, ಎದುರಾಳಿಯನ್ನು ಮೆಲ್ಲಗೆ ಮುಟ್ಟುತ್ತಾ ಇದನ್ನು ಕಲಿಯಲಾಗುವುದಿಲ್ಲ. ಹೊಸ ಅಫೆನ್ಸ್‌ನ ತಂಡ ಸೆಪ್ಟೆಂಬರಿನಲ್ಲಿ ತಡವರಿಸುವುದನ್ನು ಕಂಡಾಗ ಎಲ್ಲರ ಬೆರಳು ಕ್ವಾರ್ಟರ್‌ಬ್ಯಾಕ್ ಕಡೆಗೆ ತಿರುಗುತ್ತದೆ. ನಾನು ಮೊದಲು ಈ ಐವರನ್ನು ನೋಡುತ್ತೇನೆ.

ಪಾಸಿನಲ್ಲೂ ಇದೇ ಬಗೆಯ ಒಳಗಿನ ಕೆಲಸವಿದೆ. ಅನೇಕ ಪದ್ಧತಿಗಳಲ್ಲಿ ರಿಸೀವರ್‌ನ ಹಾದಿ ಪೂರ್ತಿಯಾಗಿ ನಿಗದಿಯಾಗಿರುವುದಿಲ್ಲ. ಐದಾರು ಯಾರ್ಡ್ ಓಡಿದ ಮೇಲೆ, ತನ್ನ ಮೇಲೆ ಒಬ್ಬನೇ ಕಾವಲುಗಾರ ಅಂಟಿಕೊಂಡಿದ್ದಾನೆ ಎನಿಸಿದರೆ ಹೊರಕ್ಕೆ ತಿರುಗಬೇಕು. ರಕ್ಷಕರು ಒಬ್ಬೊಬ್ಬರು ಒಂದೊಂದು ಜಾಗ ಕಾಯುತ್ತಿದ್ದಾರೆ ಎನಿಸಿದರೆ ಅವರ ನಡುವಿನ ಬಯಲಿನಲ್ಲಿ ನಿಂತು ಹಿಂದಿರುಗಿ ನೋಡಬೇಕು. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ರಕ್ಷಕರನ್ನು ಅದೇ ಕ್ಷಣ ನೋಡಿ ಅದೇ ತೀರ್ಮಾನಕ್ಕೆ ಬಂದು, ರಿಸೀವರ್ ತಿರುಗುವ ಮೊದಲೇ ಚೆಂಡನ್ನು ಎಸೆದಿರಬೇಕು. ತಿರುಗಿದ್ದನ್ನು ನೋಡಿ ಎಸೆದರೆ ತಡವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕೋಚ್ ಆಗಿದ್ದ ಬಿಲ್ ವಾಲ್ಶ್ ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಇಡುವ ಹೆಜ್ಜೆಗಳನ್ನೇ ಗಡಿಯಾರವಾಗಿ ಬಳಸಿದರು: ಇಷ್ಟು ಹೆಜ್ಜೆ ಇಟ್ಟು ಕಾಲೂರಿದಾಗ ಮೊದಲ ರಿಸೀವರ್ ತಿರುಗಿರಬೇಕು, ಅವನು ಸಿಗದಿದ್ದರೆ ಇನ್ನೊಂದು ಪುಟ್ಟ ಹೆಜ್ಜೆಗೆ ಎರಡನೆಯವನು. ಹೆಜ್ಜೆ, ಕಣ್ಣು, ಓಟ ಮೂರೂ ಕೂಡಿಬರಲು ಅದೇ ಇಬ್ಬರು ಸಾವಿರಾರು ಬಾರಿ ಒಟ್ಟಿಗೆ ಮಾಡಿರಬೇಕು. ರಿಸೀವರ್ ಗಾಯಗೊಂಡು ಹೊಸಬ ಬಂದರೆ ಆ ಭಾಗದ ಲೆಕ್ಕ ಮತ್ತೆ ಮೊದಲಿನಿಂದ.

ಈ ಎಲ್ಲವನ್ನೂ ಒಂದೇ ತಂಡದಲ್ಲಿ ಕಾಣಬೇಕಾದರೆ ಅಟ್ಲಾಂಟಾ ಫಾಲ್ಕನ್ಸ್ ತಂಡದ ಮೂರು ಋತುಗಳನ್ನು ನೋಡಬಹುದು. 2015ರಲ್ಲಿ ಮೈಕ್ ಶ್ಯಾನಹನ್ ಅವರ ಮಗ ಕೈಲ್ ಶ್ಯಾನಹನ್ ಅಲ್ಲಿಗೆ ಕೋ-ಆರ್ಡಿನೇಟರ್ ಆಗಿ ಬಂದರು. ಮ್ಯಾಟ್ ರಯಾನ್ ಆಗಲೇ ನುರಿತ ಕ್ವಾರ್ಟರ್‌ಬ್ಯಾಕ್. ಆದರೂ ಆ ವರ್ಷ ಅವರ 16 ಪಾಸುಗಳು ಎದುರಾಳಿಗಳ ಕೈ ಸೇರಿದವು. ಮೊದಲ ಐದು ಪಂದ್ಯಗಳನ್ನು ಸತತವಾಗಿ ಗೆದ್ದ ತಂಡ ಕೊನೆಗೆ ಎಂಟು ಗೆಲುವು, ಎಂಟು ಸೋಲಿಗೆ (8–8) ಇಳಿಯಿತು. ಋತುವಿನಲ್ಲಿ ಗಳಿಸಿದ್ದು 339 ಅಂಕ. ಕೋಚ್ ಬದಲಾಗಬೇಕೆಂಬ ಕೂಗೂ ಎದ್ದಿತ್ತು. ಮರುವರ್ಷ ಅದೇ ರಯಾನ್, ಅದೇ ಶ್ಯಾನಹನ್. ಅಂಕಗಳು 540, ಇಡೀ ಲೀಗಿನಲ್ಲಿ ಅತಿ ಹೆಚ್ಚು. ಎದುರಾಳಿಗೆ ಸಿಕ್ಕ ಪಾಸುಗಳು ಏಳಕ್ಕೆ ಇಳಿದವು, ರಯಾನ್ ವರ್ಷದ ಶ್ರೇಷ್ಠ ಆಟಗಾರರಾದರು, ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಅಲ್ಲಿ 28–3ರ ಮುನ್ನಡೆಯನ್ನು ಕೈಚೆಲ್ಲಿದ್ದು ಬೇರೆಯೇ ಕಥೆ.

ನಡುವೆ ಏನಾಯಿತು? ರಯಾನ್‌ಗೆ ಪದ್ಧತಿ ಅಭ್ಯಾಸವಾಯಿತು ಎಂಬುದು ಅರ್ಧ ಉತ್ತರ. ಉಳಿದರ್ಧ, ಆ ಪದ್ಧತಿಗೆ ಎಲ್ಲಿ ಜನ ಸಾಲದು ಎಂಬುದು ಮೊದಲ ವರ್ಷದಲ್ಲಿ ಕೋಚ್‌ಗೆ ತಿಳಿಯಿತು. 2016ರಲ್ಲಿ ಸೆಂಟರ್ ಸ್ಥಾನಕ್ಕೆ ಅಲೆಕ್ಸ್ ಮ್ಯಾಕ್ ಬಂದರು; 2014ರಲ್ಲಿ ಶ್ಯಾನಹನ್ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಗ ಅದೇ ಔಟ್‌ಸೈಡ್ ಝೋನ್ ಆಡಿದ್ದವರು. ಲೈನಿನ ನಡುವೆ ನಿಂತು ಎದುರಿನ ರಕ್ಷಣೆಯನ್ನು ಗುರುತಿಸಿ ಇತರ ನಾಲ್ವರಿಗೆ ಹೇಳುವವನು ಸೆಂಟರ್. ಅವನಿಗೆ ಪಾಠ ಮೊದಲೇ ಬಂದಿದ್ದರೆ ಉಳಿದವರ ಅರ್ಧ ಗೊಂದಲ ಕಳೆಯುತ್ತದೆ. ಆ ಋತುವಿನಲ್ಲಿ ಆ ಐವರೂ ಎಲ್ಲ 16 ಪಂದ್ಯಗಳನ್ನೂ ಒಟ್ಟಿಗೆ ಆರಂಭಿಸಿದರು, ಅದು ಅದೃಷ್ಟ. ವೇಗದ ರಿಸೀವರ್ ಟೇಲರ್ ಗೇಬ್ರಿಯಲ್ ಕೂಡ ಕ್ಲೀವ್‌ಲ್ಯಾಂಡ್‌ನಿಂದಲೇ ಬಂದವರು. 2017ರಲ್ಲಿ ಶ್ಯಾನಹನ್ ಮುಖ್ಯ ಕೋಚ್ ಆಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಸ್ಟೀವ್ ಸಾರ್ಕಿಸಿಯನ್ ಬಂದು ಹಳೆಯ ಪದ್ಧತಿಯನ್ನೇ ಬಹುಮಟ್ಟಿಗೆ ಮುಂದುವರಿಸಿದರು. ಆಟಗಾರರೂ ಹೆಚ್ಚುಕಡಿಮೆ ಅವರೇ. ಅಂಕಗಳು 353ಕ್ಕೆ ಕುಸಿದವು. ಹಿಂದಿನ ವರ್ಷದ ಎತ್ತರವನ್ನು ಉಳಿಸಿಕೊಳ್ಳುವುದು ಯಾರಿಗೂ ಕಷ್ಟವೇ, ಒಪ್ಪಿದೆ. ಆದರೂ ಯಾವ ಪ್ಲೇಯ ನಂತರ ಯಾವುದನ್ನು ಕರೆಯಬೇಕೆಂಬ ತಿಳಿವಳಿಕೆ ಪುಸ್ತಕದಲ್ಲಿ ಇರುವುದಿಲ್ಲ, ಕರೆಯುವವನ ತಲೆಯಲ್ಲಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಪದ್ಧತಿಯೇ ಹೇಗೆ ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ನಿಮ್ಮ ಟೆಕ್ಸಾಸ್‌ನಲ್ಲೇ ಒಂದು ಹಳೆಯ ಕಥೆಯಿದೆ. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕೋಚ್ ಡ್ಯಾರೆಲ್ ರಾಯಲ್ ಅವರಿಗೆ ಸಹಾಯಕ ಎಮೊರಿ ಬೆಲ್ಲಾರ್ಡ್ ‘ವಿಶ್‌ಬೋನ್’ ಎಂಬ ಹೊಸ ವಿನ್ಯಾಸ ಕಟ್ಟಿಕೊಟ್ಟರು. ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಒಬ್ಬ ಫುಲ್‌ಬ್ಯಾಕ್, ಅವನ ಹಿಂದೆ ಎಡಬಲಕ್ಕೆ ಇಬ್ಬರು ಹಾಫ್‌ಬ್ಯಾಕ್‌ಗಳು. ಎದುರಾಳಿಗಳಲ್ಲಿ ಇಬ್ಬರನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ; ಅವರು ಯಾವ ಕಡೆ ನುಗ್ಗುತ್ತಾರೆಂದು ನೋಡಿ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಫುಲ್‌ಬ್ಯಾಕ್‌ಗೆ ಕೊಡಬೇಕು, ಅಥವಾ ತಾನೇ ಓಡಬೇಕು, ಅಥವಾ ಹಾಫ್‌ಬ್ಯಾಕ್‌ಗೆ ಎಸೆಯಬೇಕು. ಮೊದಲ ಪಂದ್ಯ ಹ್ಯೂಸ್ಟನ್ ಎದುರು 20–20ರ ಸಮಬಲ; ಎರಡನೆಯದರಲ್ಲಿ ಟೆಕ್ಸಾಸ್ ಟೆಕ್ ಎದುರು 22–31ರ ಸೋಲು. ಆಗ ಅವರು ಎರಡು ಬದಲಾವಣೆ ಮಾಡಿದರು. ಫುಲ್‌ಬ್ಯಾಕ್ ಸ್ಟೀವ್ ವೋರ್ಸ್ಟರ್ ತೀರ ಹತ್ತಿರ ನಿಂತಿದ್ದರಿಂದ ಕ್ವಾರ್ಟರ್‌ಬ್ಯಾಕ್‌ಗೆ ಎದುರಿನವನನ್ನು ನೋಡಿ ನಿರ್ಧರಿಸಲು ಸಮಯವೇ ಸಿಗುತ್ತಿರಲಿಲ್ಲ. ಅವರನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಿದರು. ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಜೇಮ್ಸ್ ಸ್ಟ್ರೀಟ್ ಅವರಿಗೆ ಕೊಟ್ಟರು. ಅಲ್ಲಿಂದ ಮುಂದೆ ಟೆಕ್ಸಾಸ್ ಸತತವಾಗಿ 30 ಪಂದ್ಯಗಳನ್ನು ಗೆದ್ದಿತು. ಕಲಿಸುವುದನ್ನು ಇನ್ನೂ ಗಟ್ಟಿಯಾಗಿ ಕಲಿಸಿದ್ದರೆ ಈ ಫಲ ಬರುತ್ತಿರಲಿಲ್ಲ. ನಿಂತ ಜಾಗವೇ ತಪ್ಪಿತ್ತು, ಅದು ತಪ್ಪೆಂದು ಪಂದ್ಯದ ವೇಗದಲ್ಲಷ್ಟೇ ಗೊತ್ತಾಯಿತು.

ಇದಕ್ಕೆ ಪೂರಕವಾಗಿ ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ ಮಾಡಿದ್ದನ್ನು ಹೇಳಬೇಕು. 1970ರಲ್ಲಿ ಅವರ ತಂಡ ಆರು ಗೆದ್ದು, ಐದು ಸೋತು, ಒಂದು ಸಮ ಮಾಡಿಕೊಂಡಿತ್ತು. ಮರುವರ್ಷ ಬೇಸಿಗೆಯಲ್ಲಿ ಬ್ರಯಂಟ್ ರಾಯಲ್ ಅವರಲ್ಲಿಗೆ ಹೋಗಿ ವಿಶ್‌ಬೋನ್ ಕಲಿತುಬಂದು, ಅಭ್ಯಾಸದ ಮೈದಾನವನ್ನು ಪರದೆಯಿಂದ ಮರೆಮಾಡಿ, ಪತ್ರಕರ್ತರು ಬಂದಾಗ ಹಳೆಯ ಆಟವನ್ನೇ ತೋರಿಸಿ ಕಳಿಸಿದರು. ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು 17–10ರಿಂದ ಸೋಲಿಸಿದರು; ಆ ಋತುವಿನ ಸೋಲು ಒಂದೇ. ಕೆಲವೇ ವಾರಗಳಲ್ಲಿ ಹೊಸ ಅಫೆನ್ಸ್ ಕಲಿತ ತಂಡವೂ ಉಂಟು ಎಂದಾಯಿತು. ಆದರೆ ಗಮನಿಸಿ, ತಿದ್ದುಪಡಿಗಳೆಲ್ಲ ಟೆಕ್ಸಾಸ್‌ನಲ್ಲಿ ಮೊದಲೇ ಮುಗಿದಿದ್ದವು. ಬ್ರಯಂಟ್ ಕೈಗೆ ಬಂದದ್ದು ಪರೀಕ್ಷೆಗೊಳಗಾದ ಸರಕು. ಪ್ಲೇಗಳ ಸಂಖ್ಯೆಯೂ ಕಡಿಮೆ.

ಈ ಕಡೆಯ ಮಾತು ಮುಖ್ಯವಾದುದು. ಕೋಚ್‌ಗಳಾದ ಹಾಲ್ ಮಮಿ ಮತ್ತು ಮೈಕ್ ಲೀಚ್ 1989ರಲ್ಲಿ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಕಟ್ಟತೊಡಗಿದ ‘ಏರ್ ರೇಡ್’ ಎಂಬ ಪಾಸ್ ಪ್ರಧಾನ ಪದ್ಧತಿ ಪೂರ್ತಿ ನಿಂತದ್ದು ಇದೇ ನಂಬಿಕೆಯ ಮೇಲೆ. ಮೂರು ದಿನಗಳಲ್ಲಿ ಇಡೀ ಪದ್ಧತಿಯನ್ನು ಕಲಿಸಿ, ನಾಲ್ಕನೆಯ ದಿನ ಮತ್ತೆ ಮೊದಲಿನಿಂದ ಹೇಳುವುದು ಅವರ ಕ್ರಮ. ಪ್ಲೇಗಳು ಕೆಲವೇ, ಪುನರಾವರ್ತನೆ ಬೇಕಾದಷ್ಟು. ಕಾಲೇಜು ಆಟಗಾರರಿಗೆ ಋತುವಿನಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯಿದೆ, ಓದೂ ಇದೆ. ಅಂಥಲ್ಲಿ ಇದು ಜಾಣತನ. ವೃತ್ತಿಪರ ಕೋಚ್‌ಗಳಲ್ಲಿ ಹಲವರು ಇದಕ್ಕೆ ತದ್ವಿರುದ್ಧವಾಗಿ ದಪ್ಪ ಪುಸ್ತಕವನ್ನು ಪಾಂಡಿತ್ಯದ ಗುರುತೆಂದು ಭಾವಿಸುತ್ತಾರೆ. ಮೊದಲ ವರ್ಷದ ಸೋಲುಗಳಲ್ಲಿ ದೊಡ್ಡ ಪಾಲು ಈ ಹಮ್ಮಿನದು ಎಂದೇ ನನ್ನ ಎಣಿಕೆ.

ಹೀಗಿದ್ದರೂ ‘ಮೊದಲ ವರ್ಷ ಕಷ್ಟ, ಎರಡನೆಯ ವರ್ಷ ಸುಖ’ ಎಂಬ ಸೂತ್ರವನ್ನು ನಂಬಬೇಡಿ. ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿದ ಮೇಲೆ ಮೊದಲ ಐದು ವರ್ಷಗಳಲ್ಲಿ ಐವರು ಕೋ-ಆರ್ಡಿನೇಟರ್‌ಗಳನ್ನು ಕಂಡರು. ಅಂದರೆ ವರ್ಷವೂ ಹೊಸ ಪಾಠ. 2011ರಲ್ಲಿ ಜಿಮ್ ಹಾರ್ಬಾ ಕೋಚ್ ಆಗಿ ಬಂದಾಗ ಲೀಗಿನ ಮಾಲೀಕರು ಮತ್ತು ಆಟಗಾರರ ಜಗಳದಿಂದ ವಸಂತದ ತರಬೇತಿಯೇ ನಡೆಯಲಿಲ್ಲ. ಸ್ಮಿತ್ ಆಟಗಾರರನ್ನು ಸ್ಯಾನ್ ಹೋಸೆಯಲ್ಲಿ ತಾವೇ ಕೂಡಿಸಿ ಅಭ್ಯಾಸ ಮಾಡಿಸಿದರು. ಆ ತಂಡ 13–3ರಲ್ಲಿ ಮುಗಿಸಿತು. ಹೇಗೆಂದರೆ, ಬಲವಾದ ಡಿಫೆನ್ಸ್ ಇತ್ತು, ಹಾರ್ಬಾ ಅಫೆನ್ಸ್‌ನಿಂದ ಕೇಳಿದ್ದು ಮುಖ್ಯವಾಗಿ ಚೆಂಡನ್ನು ಕಳೆದುಕೊಳ್ಳಬೇಡಿ ಎಂದು. ಇಡೀ ಋತುವಿನಲ್ಲಿ ಅವರು ಎದುರಾಳಿಗೆ ಚೆಂಡು ಬಿಟ್ಟುಕೊಟ್ಟದ್ದು ಹತ್ತೇ ಬಾರಿ. ಆದರೆ ಅದೇ ವರ್ಷ ಅವರ ಕಿಕ್ಕರ್ ಡೇವಿಡ್ ಏಕರ್ಸ್ 44 ಫೀಲ್ಡ್ ಗೋಲ್ (ಗೋಲ್ ಗೆರೆ ದಾಟಲಾಗದಾಗ ಚೆಂಡನ್ನು ಒದ್ದು ಗಳಿಸುವ ಕಡಿಮೆ ಅಂಕ) ಹೊಡೆದು ದಾಖಲೆ ಬರೆದರು. ಅಂದರೆ ಗೋಲಿನ ಸಮೀಪ ಬಂದು, ಜಾಗ ಇಕ್ಕಟ್ಟಾಗಿ, ನಿಖರತೆ ಬೇಕಾದಲ್ಲಿ ಅಫೆನ್ಸ್ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಕಲಿಯದೆ ಉಳಿದ ಪಾಠ ಅಲ್ಲಿ ಕಾಣುತ್ತದೆ. ವಾಲ್ಶ್ ಅವರ ಕಾಲದ ಇದೇ ತಂಡ 1979ರಲ್ಲಿ 2–14, 1980ರಲ್ಲಿ 6–10, 1981ರಲ್ಲಿ 13–3 ಆಗಿ ಸೂಪರ್ ಬೌಲ್ ಗೆದ್ದಾಗಲೂ ಅಫೆನ್ಸ್‌ನಷ್ಟೇ ಹೊಸ ಡಿಫೆನ್ಸ್‌ನ ಪಾತ್ರವೂ ಇತ್ತು.

ಋತು ಶುರುವಾದ ಮೇಲೆ ಕಲಿಕೆಯ ಸ್ವರೂಪ ಬದಲಾಗುತ್ತದೆ. ಈಗ ವಾರಕ್ಕೊಂದು ಎದುರಾಳಿ. ಬುಧವಾರ ಸಾಮಾನ್ಯ ಪ್ಲೇಗಳು, ಗುರುವಾರ ಮೂರನೆಯ ಡೌನ್, ಶುಕ್ರವಾರ ಗೋಲಿನ ಹತ್ತಿರದ ಆಟ ಎಂಬಂತೆ ಆ ಪಂದ್ಯಕ್ಕೆ ಬೇಕಾದ್ದನ್ನಷ್ಟೇ ಅಭ್ಯಾಸ ಮಾಡುತ್ತಾರೆ. ಮೂರ್ನಾಲ್ಕು ಪಂದ್ಯಗಳಾಗುವಷ್ಟರಲ್ಲಿ ಉಳಿದ ತಂಡಗಳ ಕೈಯಲ್ಲಿ ಸಾಕಷ್ಟು ವಿಡಿಯೊ ಸೇರಿ, ಹೊಸ ಅಫೆನ್ಸ್‌ನ ಮೆಚ್ಚಿನ ಪ್ಲೇಗಳಿಗೆ ಮದ್ದು ಹುಡುಕಿರುತ್ತಾರೆ. ಐದು ಗೆದ್ದ ಅಟ್ಲಾಂಟಾ ಆಮೇಲೆ ಇಳಿದದ್ದರಲ್ಲಿ ಇದೂ ಸೇರಿದೆ ಎಂದು ನಾನು ಓದುತ್ತೇನೆ. ಔಟ್‌ಸೈಡ್ ಝೋನ್ ತಡೆಯಲು ರಕ್ಷಕರು ಮುಂಚಿತವಾಗಿ ಬದಿಗೆ ಓಡತೊಡಗಿದರೆ, ಅದೇ ಹೆಜ್ಜೆಗಳಿಂದ ಆರಂಭವಾಗಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅಡಗಿಸಿಕೊಂಡು ವಿರುದ್ಧ ದಿಕ್ಕಿಗೆ ಹೊರಳಿ ಪಾಸ್ ಮಾಡುವ ಪ್ಲೇ ಸಿದ್ಧವಿರಬೇಕು. ಅದು ಫಲಿಸಬೇಕಾದರೆ ಮೊದಲ ಎರಡು ಹೆಜ್ಜೆಗಳಲ್ಲಿ ಐವರು ಲೈನ್‌ಮನ್‌ಗಳೂ ಓಟದ ಪ್ಲೇಯನ್ನೇ ಆಡುತ್ತಿರುವಂತೆ ಕಾಣಬೇಕು; ಒಬ್ಬನ ಮೈ ಸ್ವಲ್ಪ ಮೇಲಕ್ಕೆದ್ದರೂ ಲೈನ್‌ಬ್ಯಾಕರ್‌ಗೆ ಗುಟ್ಟು ತಿಳಿಯುತ್ತದೆ.

ಮುಂದಿನ ಋತುವಿನಲ್ಲಿ ನೀವೇ ಪರೀಕ್ಷಿಸಲು ಕೆಲವು ಗುರುತುಗಳನ್ನು ಹೇಳುತ್ತೇನೆ. ಗಡಿಯಾರ ಮೂರು-ನಾಲ್ಕಕ್ಕೆ ಇಳಿದಾಗ ಚೆಂಡು ಹೊರಡುತ್ತಿದ್ದರೆ, ಟೈಮ್‌ಔಟ್‌ಗಳು ವೃಥಾ ಖರ್ಚಾಗುತ್ತಿದ್ದರೆ, ಅದು ಹೆಸರು ಕಲಿಯುವ ಹಂತದ ತೊಡಕು. ಅಕ್ಟೋಬರ್ ಮುಗಿದರೂ ಉಳಿದಿದ್ದರೆ ಕೋಚ್ ಪ್ಲೇಗಳನ್ನು ಕಡಿಮೆ ಮಾಡಬೇಕು. ಯಾರೂ ಇಲ್ಲದ ಜಾಗದಲ್ಲಿ ಪಾಸ್ ಬಿದ್ದು ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ಕೈಯಾಡಿಸಿ ಮಾತಾಡಿಕೊಳ್ಳುತ್ತಿದ್ದರೆ, ಇಬ್ಬರೂ ರಕ್ಷಣೆಯನ್ನು ಬೇರೆ ಬೇರೆಯಾಗಿ ಓದಿದ್ದಾರೆ. ಇದು ಋತುವಿಡೀ ಆಗಾಗ ಕಾಣಬಹುದು, ಅದಕ್ಕೆ ತಾಳ್ಮೆ ಸಲ್ಲುತ್ತದೆ. ಇನ್ನೊಂದು ಗುರುತು ಅಂಕಪಟ್ಟಿಯಲ್ಲೇ ಇದೆ. ವಾಲ್ಶ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಂದ್ಯದ ಮೊದಲ 25 ಪ್ಲೇಗಳನ್ನು ಮುಂಚಿತವಾಗಿಯೇ ಬರೆದಿಡುತ್ತಿದ್ದರು. ಇಂದು ಬಹುತೇಕ ತಂಡಗಳು ಹಾಗೊಂದು ಪಟ್ಟಿ ಇಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿರುವುದನ್ನು ಆಟಗಾರರು ವಾರವಿಡೀ ಅಭ್ಯಾಸ ಮಾಡಿರುತ್ತಾರೆ, ಆದ್ದರಿಂದ ಹೊಸ ಅಫೆನ್ಸ್ ಕೂಡ ಮೊದಲ ಕ್ವಾರ್ಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಪಟ್ಟಿ ಮುಗಿದು, ಎದುರಾಳಿ ಉಪಾಯ ಬದಲಿಸಿದ ಮೇಲೆ, ಮೂರನೆಯ ಕ್ವಾರ್ಟರ್‌ನಲ್ಲಿ ತಂಡ ಗಳಿಸುವ ಅಂಕಗಳನ್ನು ತಿಂಗಳಿಂದ ತಿಂಗಳಿಗೆ ಬರೆದಿಟ್ಟುಕೊಂಡು ಹೋಲಿಸಿ ನೋಡಿ.